ಸಿ ಡಿಫ್ ಭೇದಿ ಯಾರಿಗೆ ಮತ್ತೆ ಬರಬಹುದು? ಮನೆಯವರೇ ಕೂತು ಅಂದಾಜು ಹಾಕುವ ಬಗೆ

ದವಾಖಾನೆಯಿಂದ ಡಿಸ್ಚಾರ್ಜ್ ಆಗುವ ದಿನ, ಬಿಲ್ಲಿನ ಗದ್ದಲ ಮುಗಿದ ಮೇಲೆ, ಮನೆಯವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಇದು ಮತ್ತ ಬರೂದಿಲ್ಲಲ್ರೀ?" ರೋಗಿಗೆ ಆಗಿದ್ದು ಸಿ ಡಿಫ್ ಭೇದಿ (ಆಂಟಿಬಯೋಟಿಕ್ ತಗೊಂಡ ಮೇಲೆ ಒಂದು ಬ್ಯಾಕ್ಟೀರಿಯಾದಿಂದ ಬರುವ ಜೋರು ಭೇದಿ) ಆಗಿದ್ದರೆ ನೇರ ಉತ್ತರ ಹೀಗಿದೆ: ಹೆಚ್ಚಿನವರಿಗೆ ಬರುವುದಿಲ್ಲ, ಆದರೆ ಸುಮಾರು ಐದು ಜನರಲ್ಲಿ ಒಬ್ಬರಿಗೆ ಎರಡು ತಿಂಗಳೊಳಗೆ ಮತ್ತೆ ಬರುತ್ತದೆ. ಆ ಒಬ್ಬರು ನಿಮ್ಮ ಮನೆಯವರೇನಾ ಅಂತ ಪಕ್ಕಾ ಹೇಳುವ ರಕ್ತ ಪರೀಕ್ಷೆ ಇಲ್ಲ. ಆದರೂ ಒಳ್ಳೆಯ ಅಂದಾಜು ಹಾಕಬಹುದು. ಅದಕ್ಕೆ ಬೇಕಾದ ಮಾಹಿತಿಯಲ್ಲಿ ಮುಕ್ಕಾಲು ಪಾಲು ಲ್ಯಾಬಿನಲ್ಲಿ ಇರುವುದಿಲ್ಲ, ನಿಮ್ಮ ಮನೆಯ ಪ್ಲಾಸ್ಟಿಕ್ ಚೀಲದಲ್ಲಿರುವ ಹಳೇ ಚೀಟಿ ಮತ್ತು ಗುಳಿಗೆ ಪಟ್ಟಿಗಳಲ್ಲಿ ಇರುತ್ತದೆ.

ನಾನು ಬೆಳಗಾವಿಯ ಒಂದು ದವಾಖಾನೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ. ಹಾಗಾಗಿ ಇದನ್ನು ಓದಿ ಯಾವ ಗುಳಿಗೆಯನ್ನೂ ನೀವೇ ಶುರು ಮಾಡಬೇಡಿ, ನೀವೇ ನಿಲ್ಲಿಸಲೂ ಬೇಡಿ. ಒಂದು ಹಾಳೆ ತಯಾರು ಮಾಡಿಕೊಂಡು ಡಾಕ್ಟರ ಮುಂದೆ ಕೂರುವುದಕ್ಕೆ ಈ ಲೇಖನ.

ಮೊದಲು ಎರಡು ಮಾತಿನಲ್ಲಿ ರೋಗದ ಪರಿಚಯ. ಪೂರ್ತಿ ಹೆಸರು ಕ್ಲೋಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. 1935ರಲ್ಲಿ ಆಗತಾನೆ ಹುಟ್ಟಿದ ಕೂಸುಗಳ ಮಲದಲ್ಲಿ ಇದನ್ನು ಮೊದಲು ಕಂಡರು, ಆ ಕೂಸುಗಳಿಗೆ ಏನೂ ಆಗಿರಲಿಲ್ಲ. ಆಂಟಿಬಯೋಟಿಕ್ ತಗೊಂಡ ಮೇಲೆ ಆಗುವ ಜೋರು ಭೇದಿಗೆ ಇದೇ ಕಾರಣ ಅಂತ ಗೊತ್ತಾಗಿದ್ದು 1978ರಲ್ಲಿ. ಆಂಟಿಬಯೋಟಿಕ್ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಖಾಲಿಯಾದ ಜಾಗದಲ್ಲಿ ಇದು ಬೆಳೆದು ಎರಡು ಬಗೆಯ ವಿಷ ಬಿಡುತ್ತದೆ. ಚಿಕಿತ್ಸೆಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದರ ಬೀಜಕಣ, ಅಂದರೆ ಗಟ್ಟಿ ಕವಚದೊಳಗೆ ಬೀಜದ ಹಾಗೆ ಮಲಗಿರುವ ರೂಪ, ಸಾಯುವುದಿಲ್ಲ. ಎರೆಹೊಲದಲ್ಲಿ ಬೆಳೆ ಇಲ್ಲದಾಗ ಕಸ ಏಳುವ ಹಾಗೆ, ಒಳ್ಳೆ ಬ್ಯಾಕ್ಟೀರಿಯಾ ತಿರುಗಿ ತುಂಬುವ ಮೊದಲೇ ಉಳಿದ ಬೀಜಕಣಗಳು ಎದ್ದರೆ ಭೇದಿ ವಾಪಸ್. ಮುಂದಿನ ಎಲ್ಲ ಹೆಜ್ಜೆಗಳಲ್ಲೂ ನಾವು ಕೇಳುತ್ತಿರುವುದು ಇದನ್ನೇ: ಈ ರೋಗಿಯ ಕರುಳಿನಲ್ಲಿ ಒಳ್ಳೆ ಬೆಳೆ ಮತ್ತೆ ತುಂಬೋದಕ್ಕೆ ಅವಕಾಶ ಇದೆಯಾ, ಅಥವಾ ನಾವೇ ಮೇಲಿಂದ ಮೇಲೆ ಕೀಳುತ್ತಿದ್ದೇವಾ?

ಹೆಜ್ಜೆ 1: ಆಗಿದ್ದು ನಿಜವಾಗಿಯೂ ಸಿ ಡಿಫ್ ಹೌದಾ ನೋಡಿ

ಇದು ಕೇಳೋಕೆ ಸಿಲ್ಲಿ ಅನಿಸಬಹುದು. ಆದರೆ ನಮ್ಮ ಕಡೆ ಭೇದಿಗೆ ಕಾರಣಗಳಿಗೇನು ಬರ ಇಲ್ಲ. ಮಳೆಗಾಲದ ಹೊಸ ನೀರು, ಜಾತ್ರೆಯ ಊಟ, ಅಮೀಬಾ, ಕೆಲವು ಸಲ ಕಾಲರಾ. ಆಂಟಿಬಯೋಟಿಕ್ ತಗೊಂಡವರಿಗೆ ಆಗುವ ಭೇದಿಯಲ್ಲೂ ಹೆಚ್ಚಿನ ಪಾಲು ಸಿ ಡಿಫ್ ಅಲ್ಲ, ಗುಳಿಗೆಯ ಅಡ್ಡ ಪರಿಣಾಮ ಅಷ್ಟೇ, ಬಿಟ್ಟರೆ ನಿಲ್ಲುತ್ತದೆ. ಮೊದಲನೇ ಸಲ ಆಗಿದ್ದೇ ಬೇರೆ ಭೇದಿಯಾಗಿದ್ದರೆ ಅದು ಮತ್ತೆ ಬರುತ್ತಾ ಅನ್ನುವ ಲೆಕ್ಕವೆಲ್ಲ ಸುಮ್ನೆ.

ರಿಪೋರ್ಟ್ ತೆಗೆದು ನೋಡಿ. ಮೂರು ಬಗೆಯ ಪರೀಕ್ಷೆಗಳ ಹೆಸರು ಇರಬಹುದು. ಜಿಡಿಎಚ್ ಅಂತ ಇದ್ದು ಪಾಸಿಟಿವ್ ಇದ್ದರೆ ಬ್ಯಾಕ್ಟೀರಿಯಾ ಇದೆ ಅಂತ ಅರ್ಥ, ಅದು ವಿಷ ಬಿಡುವ ಜಾತಿಯೇ ಅಂತ ಅದರಿಂದ ಗೊತ್ತಾಗುವುದಿಲ್ಲ. ಟಾಕ್ಸಿನ್ ಎ ಮತ್ತು ಬಿ ಪಾಸಿಟಿವ್ ಇದ್ದರೆ ವಿಷವೇ ಸಿಕ್ಕಿದೆ, ರೋಗ ಇದೇ ಅನ್ನೋದಕ್ಕೆ ಬಲವಾದ ಸಾಕ್ಷಿ. ಪಿಸಿಆರ್ ಪಾಸಿಟಿವ್ ಆಗಿ ಟಾಕ್ಸಿನ್ ನೆಗೆಟಿವ್ ಬಂದಿದ್ದರೆ ವಿಷ ಮಾಡುವ ಶಕ್ತಿ ಇರುವ ಬ್ಯಾಕ್ಟೀರಿಯಾ ಸುಮ್ಮನೆ ಮನೆ ಮಾಡಿಕೊಂಡು ಕೂತಿರಲೂಬಹುದು. ಅಂಥ ರಿಪೋರ್ಟ್ ಇದ್ದರೆ "ಸಾಹೇಬ್ರ, ಇದು ಖರೇನ ಸಿ ಡಿಫ್ ಭೇದಿನಾ, ಏನ್ ಬ್ಯಾಕ್ಟೀರಿಯಾ ಸುಮ್ನ ಐತಷ್ಟನಾ?" ಅಂತ ಕೇಳೋದರಲ್ಲಿ ತಪ್ಪಿಲ್ಲ.

ಸ್ಯಾಂಪಲ್ ವಿಷಯದಲ್ಲೂ ಒಂದು ಮಾತು, ಯಾಕೆಂದರೆ ಎಷ್ಟೋ ರಿಪೋರ್ಟ್ ಇಲ್ಲೇ ಹಾಳಾಗುತ್ತವೆ. ಈ ಪರೀಕ್ಷೆ ತೆಳ್ಳಗಿನ ಮಲದಲ್ಲೇ ಆಗಬೇಕು, 24 ಗಂಟೆಯಲ್ಲಿ ಮೂರು ಸಲ ಅಥವಾ ಜಾಸ್ತಿ ಭೇದಿ ಆಗಿರುವವರಿಗೇ ಮಾಡಬೇಕು. ಗಟ್ಟಿ ಮಲ ಕೊಟ್ಟರೆ ಒಳ್ಳೆ ಲ್ಯಾಬಿನವರು ವಾಪಸ್ ಕಳಿಸುತ್ತಾರೆ, ಕಳಿಸಲೇಬೇಕು. ಟಾಕ್ಸಿನ್ ಅನ್ನೋದು ಬಿಸಿಗೆ ಬೇಗ ಕೆಡುವ ವಸ್ತು. ಇಂಡಿಯಿಂದಲೋ ಸಿಂದಗಿಯಿಂದಲೋ ಮೇ ತಿಂಗಳ ಬಿಸಿಲಲ್ಲಿ ಬಸ್ಸಿನಲ್ಲಿ ಡಬ್ಬಿ ಹಿಡಿದುಕೊಂಡು ವಿಜಯಪುರಕ್ಕೆ ಬಂದರೆ ವಿಷ ಇದ್ದರೂ ನೆಗೆಟಿವ್ ಬರಬಹುದು. ರೋಗಿಯೇ ಲ್ಯಾಬ್ ಇರುವ ದವಾಖಾನೆಗೆ ಹೋಗಿ ಅಲ್ಲೇ ಕೊಡುವುದು ಒಳ್ಳೇದು, ಆಗದಿದ್ದರೆ ಐಸ್ ಡಬ್ಬಿಯಲ್ಲಿ ಇಟ್ಟು ತಗೊಂಡು ಹೋಗಿ. ಎಲ್ಲ ಲ್ಯಾಬಿನಲ್ಲೂ ಈ ಪರೀಕ್ಷೆ ಆಗುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ, ಹೊರಡುವ ಮೊದಲು ಅಲ್ಲಿಯ ಮೈಕ್ರೋಬಯಾಲಜಿ ವಿಭಾಗಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ.

ಹೆಜ್ಜೆ 2: ಮೂರು ತಿಂಗಳ ಔಷಧದ ಪಟ್ಟಿ ಬರೆಯಿರಿ

ಇಡೀ ಕೆಲಸದಲ್ಲಿ ಬೆವರು ಸುರಿಯೋದು ಇಲ್ಲೇ. ಸಿ ಡಿಫ್ ಅಪಾಯ ಆಂಟಿಬಯೋಟಿಕ್ ತಗೊಳ್ಳುವಾಗ ಮತ್ತು ಬಿಟ್ಟ ಮೊದಲ ತಿಂಗಳಲ್ಲಿ ಅತಿ ಜಾಸ್ತಿ, ಆಮೇಲೆ ಇಳಿಯುತ್ತಾ ಹೋದರೂ ಸುಮಾರು ಮೂರು ತಿಂಗಳವರೆಗೆ ಇರುತ್ತದೆ. ಹಾಗಾಗಿ ಭೇದಿ ಶುರುವಾದ ದಿನದಿಂದ ಹಿಂದಕ್ಕೆ ಮೂರು ತಿಂಗಳು ಎಣಿಸಿ, ಆ ಅವಧಿಯಲ್ಲಿ ಹೊಟ್ಟೆಗೆ ಹೋದ, ಸೂಜಿಯಲ್ಲಿ ಹೋದ, ಸಲೈನಿನಲ್ಲಿ ಸೇರಿಸಿದ ಪ್ರತಿಯೊಂದನ್ನೂ ಬರೆಯಬೇಕು.

"ಆಂಟಿಬಯೋಟಿಕ್ ಏನೂ ತಗೊಂಡಿಲ್ರಿ" ಅನ್ನುವವರ ಚೀಲದಲ್ಲೇ ಎರಡು ಮೂರು ಪಟ್ಟಿ ಸಿಗುತ್ತವೆ. ಜನ ಸುಳ್ಳು ಹೇಳುತ್ತಾರೆ ಅಂತಲ್ಲ, ಅದು ಆಂಟಿಬಯೋಟಿಕ್ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಹಲ್ಲಿನ ಡಾಕ್ಟರ್ ಕೊಟ್ಟಿದ್ದು, ಉರಿಮೂತ್ರಕ್ಕೆ ಮೆಡಿಕಲ್ ಅಂಗಡಿಯವ ಕೊಟ್ಟಿದ್ದು, ಜ್ವರ ಬಂದಾಗ ಊರಲ್ಲಿ ಹಾಕಿಸಿಕೊಂಡ ಸೂಜಿ, ಮೊಣಕಾಲು ಆಪರೇಷನ್ ಆದಾಗ ಐದು ದಿನ ಹೋದ ಸಲೈನು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗುಳಿಗೆ ಪಟ್ಟಿಯ ಹಿಂಬದಿ ತಿರುಗಿಸಿ, ಉದ್ದಕ್ಕೆ ಕೆಂಪು ಗೆರೆ ಇದೆಯಾ ನೋಡಿ. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಔಷಧ ಅನ್ನೋದರ ಗುರುತು ಅದು. ಕೆಂಪು ಗೆರೆ ಇದ್ದದ್ದೆಲ್ಲ ಆಂಟಿಬಯೋಟಿಕ್ ಆಗಿರಬೇಕಿಲ್ಲ, ಆದರೆ ಆಂಟಿಬಯೋಟಿಕ್ ಹುಡುಕೋಕೆ ಶುರು ಮಾಡುವ ಜಾಗ ಅದೇ. ಪಟ್ಟಿ ಬಿಸಾಡಿದ್ದರೆ ಔಷಧ ಅಂಗಡಿಗೆ ಹೋಗಿ ಕೇಳಿ. 2014ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ನಿಯಮದ ಪ್ರಕಾರ ಕೆಲವು ಬಲವಾದ ಆಂಟಿಬಯೋಟಿಕ್‌ಗಳನ್ನು ಮಾರಿದರೆ ರೋಗಿಯ ಹೆಸರು, ಚೀಟಿ ಬರೆದ ಡಾಕ್ಟರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಬರೆದಿಟ್ಟಿರುತ್ತಾರಾ ಅನ್ನೋದು ಅಂಗಡಿ ಮೇಲೆ ಹೋಗುತ್ತದೆ, ಆದರೆ ಕೇಳೋದಕ್ಕೇನು?

ಪಟ್ಟಿಯಲ್ಲಿ ಯಾವ ಹೆಸರು ಕಂಡರೆ ಕೆಳಗೆ ಗೆರೆ ಎಳೆಯಬೇಕು? ಕ್ಲಿಂಡಾಮೈಸಿನ್, ಇದು ಹಲ್ಲಿನ ಸೋಂಕಿಗೆ ಕೊಡುವಂಥದ್ದು. ಸೆಫ್‌ಟ್ರಯಾಕ್ಸೋನ್, ಸೆಫಿಕ್ಸೀಮ್, ಸೆಫ್‌ಪೊಡಾಕ್ಸೀಮ್ ಹೀಗೆ 'ಸೆಫ್' ಅಂತ ಶುರುವಾಗುವವು. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಹೀಗೆ 'ಫ್ಲಾಕ್ಸಾಸಿನ್' ಅಂತ ಮುಗಿಯುವವು. ಐಸಿಯುನಲ್ಲಿ ಹಾಕುವ ಮೆರೊಪೆನಮ್. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೂಡ. ಡಾಕ್ಸಿಸೈಕ್ಲಿನ್ ಇದ್ದರೆ ಅಷ್ಟು ಹೆದರಬೇಕಿಲ್ಲ, ಅದರ ಅಪಾಯ ಕಮ್ಮಿ.

ಇಲ್ಲಿ ನನ್ನದೊಂದು ತಕರಾರು. ಭೇದಿ ಅಂದ ಕೂಡಲೇ ಓಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಸೇರಿಸಿದ ಗುಳಿಗೆ ಕೊಡುವ, ಕೇಳುವ ಚಾಳಿ ನಮ್ಮಲ್ಲಿ ಬೇರು ಬಿಟ್ಟಿದೆ. ಆಂಟಿಬಯೋಟಿಕ್‌ನಿಂದಲೇ ಬಂದ ಭೇದಿಗೆ ಮತ್ತೊಂದು ಆಂಟಿಬಯೋಟಿಕ್ ತಾನೇ ನುಂಗಿ, ಆಮೇಲೆ ನಿಲ್ಲಲಿಲ್ಲ ಅಂತ ದೊಡ್ಡ ದವಾಖಾನೆಗೆ ಬರುವವರು ಇದ್ದಾರೆ. ಪಟ್ಟಿಯಲ್ಲಿ ಇದನ್ನೂ ತಾರೀಕು ಹಾಕಿ ಬರೆಯಿರಿ, ನಾಚಿಕೆ ಬೇಡ.

ಇನ್ನೊಂದು ಕಾಲಮ್ ಆ್ಯಸಿಡಿಟಿ ಗುಳಿಗೆಗೆ. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಒಮೆಪ್ರಜೋಲ್. ಯಾವಾಗಿಂದ ತಗೊಳ್ಳುತ್ತಿದ್ದಾರೆ, ಯಾರು ಬರೆದಿದ್ದು, ಯಾತಕ್ಕೆ. ಮೂರನೇ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಉತ್ತರ ಇರುವುದೇ ಇಲ್ಲ.

ಹೆಜ್ಜೆ 3: ಅಪಾಯ ತೂಗಿ ನೋಡಿ

ಎಲ್ಲ ಕಾರಣಗಳ ತೂಕ ಒಂದೇ ಅಲ್ಲ, ಹಾಗಾಗಿ ದೊಡ್ಡದರಿಂದ ಶುರು ಮಾಡೋಣ.

ಅತಿ ದೊಡ್ಡದು: ಇದು ಎಷ್ಟನೇ ಸಲ? ಮೊದಲನೇ ಸಲ ಆದವರಲ್ಲಿ ನೂರಕ್ಕೆ 15ರಿಂದ 25 ಜನರಿಗೆ ಮತ್ತೆ ಬರುತ್ತದೆ. ಒಮ್ಮೆ ತಿರುಗಿ ಬಂದವರಿಗೆ ಇನ್ನೊಮ್ಮೆ ಬರುವ ಸಾಧ್ಯತೆ ನೂರಕ್ಕೆ 40ರ ಆಸುಪಾಸಿಗೆ ಏರುತ್ತದೆ. ಎರಡು ಮೂರು ಸಲ ಬಂದವರಲ್ಲಿ 60ರವರೆಗೂ ಹೋಗುತ್ತದೆ. ಪ್ರತಿ ಸಲವೂ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಇನ್ನಷ್ಟು ಬರಿದಾಗುತ್ತವೆ, ಅದೇ ಕಾರಣ. ಬೇರೆ ಏನನ್ನೂ ನೋಡದೆ ಇದೊಂದನ್ನೇ ನೋಡಿದರೂ ಅರ್ಧ ಅಂದಾಜು ಸಿಕ್ಕ ಹಾಗೆ.

ಎರಡನೇದು ವಯಸ್ಸು. 65 ದಾಟಿದವರಿಗೆ ಜಾಸ್ತಿ. ವಿಷಕ್ಕೆ ಎದುರಾಗಿ ದೇಹ ತಯಾರಿಸುವ ರಕ್ಷಣೆ ಕಡಿಮೆ ಇರುತ್ತದೆ, ಜೊತೆಗೆ ದವಾಖಾನೆ ಓಡಾಟವೂ ಹೆಚ್ಚು.

ಮೂರನೇದೇ ನನ್ನ ಲೆಕ್ಕದಲ್ಲಿ ಮುಖ್ಯ, ಯಾಕೆಂದರೆ ಇದನ್ನು ಬದಲಿಸಲು ಸಾಧ್ಯ: ಸಿ ಡಿಫ್ ಚಿಕಿತ್ಸೆ ನಡೆಯುವಾಗಲೇ ಅಥವಾ ಮುಗಿದ ಕೂಡಲೇ ಬೇರೆ ಸೋಂಕಿಗೆ ಬೇರೆ ಆಂಟಿಬಯೋಟಿಕ್ ನಡೆದಿದೆಯಾ? ಪುಪ್ಪುಸದ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ, ಮೂತ್ರದ ನಳಿಕೆ ಹಾಕಿದವರ ಸೋಂಕು, ಇಂಥವು ಇದ್ದರೆ ಒಂದು ಕಡೆ ಕಸ ಕೀಳುತ್ತಾ ಇನ್ನೊಂದು ಕಡೆ ಬೆಳೆಯನ್ನೂ ಕಿತ್ತ ಹಾಗೆ ಆಗುತ್ತದೆ.

ಆಮೇಲೆ ದೇಹದ ಸ್ಥಿತಿ. ಕ್ಯಾನ್ಸರ್ ಕಿಮೊ, ಕಿಡ್ನಿ ಕಸಿ, ದಿನವೂ ಸ್ಟಿರಾಯ್ಡ್, ಡಯಾಲಿಸಿಸ್, ಕರುಳಿನಲ್ಲಿ ಮೊದಲೇ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಇದ್ದವರಿಗೆ ಅಪಾಯ ಏರುತ್ತದೆ.

ಈ ಸಲದ ಭೇದಿ ಎಷ್ಟು ಜೋರಿತ್ತು ಅನ್ನೋದನ್ನೂ ನೋಡಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಅಥವಾ ಜೊತೆಗಿರುವ ರಕ್ತದ ರಿಪೋರ್ಟಿನಲ್ಲಿ ಎರಡು ಸಂಖ್ಯೆ ಹುಡುಕಿ. ಬಿಳಿ ರಕ್ತಕಣಗಳ ಎಣಿಕೆ 15,000 ಅಥವಾ ಹೆಚ್ಚು, ಇಲ್ಲವೇ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಸಂಖ್ಯೆ) 1.5ಕ್ಕಿಂತ ಹೆಚ್ಚು ಇದ್ದರೆ ಅದನ್ನು ತೀವ್ರ ಅಂತ ಕರೆಯುತ್ತಾರೆ. ಕಿಡ್ನಿ ತೊಂದರೆ ಮೊದಲೇ ಇದ್ದವರಿಗೆ ಕ್ರಿಯಾಟಿನಿನ್ ಯಾವಾಗಲೂ ಜಾಸ್ತಿಯೇ ಇರುತ್ತದೆ, ಸ್ಟಿರಾಯ್ಡ್ ತಗೊಳ್ಳುವವರಿಗೆ ಬಿಳಿ ಕಣ ಸುಮ್ಮನೆ ಏರಿರುತ್ತದೆ, ಹಾಗಾಗಿ ಹಳೇ ರಿಪೋರ್ಟ್ ಪಕ್ಕಕ್ಕಿಟ್ಟು ಹೋಲಿಸಿ.

ಆ್ಯಸಿಡಿಟಿ ಗುಳಿಗೆ ಕೊನೆಗೆ. ಇದನ್ನು ತಗೊಳ್ಳುವವರಲ್ಲಿ ಸಿ ಡಿಫ್ ಜಾಸ್ತಿ ಕಾಣಿಸುತ್ತದೆ ಅನ್ನೋದು ನಿಜ. ಅದೇ ಕಾರಣ ಅಂತ ಮಾತ್ರ ಸಾಬೀತಾಗಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಎರಡು ಬಗೆಯ ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರಿಗೆ, ಹೊಟ್ಟೆ ಹುಣ್ಣಿನಿಂದ ರಕ್ತ ಹೋಗಿದ್ದವರಿಗೆ ಇದು ಬೇಕೇ ಬೇಕು. ಯಾವುದೋ ಮದುವೆ ಊಟದ ನಂತರ ಶುರು ಮಾಡಿ ನಾಲ್ಕು ವರ್ಷದಿಂದ ಬೆಳಿಗ್ಗೆ ಚಹಾಕ್ಕಿಂತ ಮೊದಲು ನುಂಗುತ್ತಿದ್ದರೆ ಡಾಕ್ಟರನ್ನು ಕೇಳುವ ಹೊತ್ತು ಬಂದಿದೆ.

ಈಗ ಊಹೆಯ ಇಬ್ಬರು ರೋಗಿಗಳನ್ನು ಇಟ್ಟುಕೊಂಡು ನೋಡೋಣ. ಜಮಖಂಡಿಯ 72 ವರ್ಷದ ಅಜ್ಜಿ, ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ, ಸೆಫ್‌ಟ್ರಯಾಕ್ಸೋನ್ ಹೋಗಿದೆ, ಭೇದಿ ಬಂದಾಗ ಬಿಳಿ ಕಣ 18,000, ಮೂತ್ರದ ನಳಿಕೆ ಇನ್ನೂ ಇದೆ, ಅದಕ್ಕೆ ಸೋಂಕು ಅಂತ ಲೆವೊಫ್ಲಾಕ್ಸಾಸಿನ್ ಶುರುವಾಗಿದೆ. ಇವರಿಗೆ ಮೊದಲನೇ ಸಲವೇ ಆಗಿದ್ದರೂ ನಾನು ಇವರನ್ನು ಹೆಚ್ಚು ಅಪಾಯದವರು ಅಂತಲೇ ಇಟ್ಟುಕೊಳ್ಳುತ್ತೇನೆ. ಇನ್ನೊಬ್ಬರು ಗೋಕಾಕದ 34 ವರ್ಷದ ಶಿಕ್ಷಕ, ಹಲ್ಲಿಗೆ ಕ್ಲಿಂಡಾಮೈಸಿನ್ ತಗೊಂಡು ಭೇದಿ ಆಯಿತು, ಬೇರೆ ಕಾಯಿಲೆ ಇಲ್ಲ, ಆಂಟಿಬಯೋಟಿಕ್ ನಿಂತಿದೆ. ಇವರಿಗೆ ಅಪಾಯ ಕಮ್ಮಿ. ಕಮ್ಮಿ ಅಂದರೆ ಸೊನ್ನೆ ಅಲ್ಲ. ಶಿಕ್ಷಕರಿಗೆ ಬಂದು ಅಜ್ಜಿಗೆ ಬಾರದೇ ಇರಲೂಬಹುದು. ಅಜ್ಜಿಯಂಥ ಹತ್ತು ಜನ, ಶಿಕ್ಷಕರಂಥ ಹತ್ತು ಜನ ಅಂತ ಇಟ್ಟರೆ ಮೊದಲ ಗುಂಪಿನಲ್ಲಿ ಹೆಚ್ಚು ಜನರಿಗೆ ತಿರುಗಿ ಬರುತ್ತದೆ, ಅಂದಾಜು ಅನ್ನೋದರ ಅರ್ಥ ಇಷ್ಟೇ.

ಕಂಪ್ಯೂಟರ್ ಇದನ್ನು ನಮಗಿಂತ ಚೆನ್ನಾಗಿ ಹೇಳಲ್ವಾ ಅಂತ ಕೇಳಬಹುದು. ಡಾಕ್ಟರುಗಳು ಅಂಕ ಕೊಡುವ ಲೆಕ್ಕಗಳನ್ನು ಮಾಡಿದ್ದಾರೆ, ವಯಸ್ಸಿಗೆ ಇಷ್ಟು, ತೀವ್ರತೆಗೆ ಇಷ್ಟು, ಮತ್ತೆ ಆಂಟಿಬಯೋಟಿಕ್ ತಗೊಂಡರೆ ಇಷ್ಟು ಅಂತ. ದೊಡ್ಡ ದವಾಖಾನೆಗಳ ದಾಖಲೆ ತುಂಬಿಸಿ ಮೆಷಿನ್ ಲರ್ನಿಂಗ್ ಮಾಡಿದವರೂ ಇದ್ದಾರೆ. ತಯಾರಾದ ದವಾಖಾನೆಯಲ್ಲಿ ಚೆನ್ನಾಗಿ ಓಡುವ ಲೆಕ್ಕ ಬೇರೆ ಕಡೆ ಹೋದಾಗ ಸೊರಗುವುದೇ ಇವುಗಳ ತೊಂದರೆ. ಎಲ್ಲ ಕಡೆ ಬಳಸಬಹುದಾದ ಒಂದೇ ಲೆಕ್ಕ ಇನ್ನೂ ನೆಲೆ ನಿಂತಿಲ್ಲ. ನಮ್ಮ ಕಡೆಗಂತೂ ಇನ್ನೊಂದು ತೊಡಕು ಇದೆ. ಅಥಣಿ, ರಾಯಬಾಗದವರು ಒಂದು ಸಲ ಮಿರಜ್‌ಗೆ ಹೋಗುತ್ತಾರೆ, ಇನ್ನೊಂದು ಸಲ ಬೆಳಗಾವಿಗೆ ಬರುತ್ತಾರೆ, ನಡುವೆ ಊರಿನ ಅಂಗಡಿಯಲ್ಲಿ ಗುಳಿಗೆ ತಗೊಳ್ಳುತ್ತಾರೆ. ಯಾವ ದವಾಖಾನೆಯ ಕಂಪ್ಯೂಟರಿಗೂ ಪೂರ್ತಿ ಕಥೆ ಗೊತ್ತಿರುವುದಿಲ್ಲ. ಭೇದಿ ತಿರುಗಿ ಬಂದು ರೋಗಿ ಬೇರೆ ದವಾಖಾನೆಗೆ ಹೋದರೆ, ಮೊದಲನೇ ದವಾಖಾನೆಯ ದಾಖಲೆಯಲ್ಲಿ ಅವರು 'ವಾಸಿಯಾದವರು'. ಅಂಥ ದಾಖಲೆ ಓದಿ ಕಲಿತ ಯಂತ್ರ ಏನು ಭವಿಷ್ಯ ಹೇಳೀತು? ಅದಕ್ಕೇ ಎರಡನೇ ಹೆಜ್ಜೆಯ ಹಾಳೆಗೆ ಅಷ್ಟು ಬೆಲೆ.

ಹೆಜ್ಜೆ 4: ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ

ಕೇಳಬೇಕಾದ ಮೊದಲ ಪ್ರಶ್ನೆ: "ಡಾಕ್ಟರ್ ಸಾಹೇಬ್ರ, ಈ ಬ್ಯಾರೆ ಆಂಟಿಬಯೋಟಿಕ್ ಇನ್ನೂ ಬೇಕಾ? ನಿಲ್ಲಸಾಕ ಬರ್ತೈತಾ, ಇಲ್ಲಾ ದಿನಾ ಕಮ್ಮಿ ಮಾಡಾಕ ಬರ್ತೈತಾ?" ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡಿದೆ, ಆದರೆ ಉರಿ ಇಲ್ಲ ಜ್ವರ ಇಲ್ಲ ಅನ್ನುವಂಥ ವಯಸ್ಸಾದವರಿಗೆ ಹೆಚ್ಚಿನ ಸಲ ಆಂಟಿಬಯೋಟಿಕ್ ಬೇಕಾಗಿಯೇ ಇರುವುದಿಲ್ಲ. ನಳಿಕೆ ತೆಗೆಯಬಹುದಾ ಅಂತಲೂ ಕೇಳಿ. ಹೀಗೆ ಕೇಳಿದರೆ ಡಾಕ್ಟರ್ ಸಿಟ್ಟಾಗುತ್ತಾರೆ ಅನ್ನುವ ಹೆದರಿಕೆ ಇರುತ್ತದೆ. ತಾರೀಕು ಸಮೇತ ಹಾಳೆ ಕೊಟ್ಟು ಕೇಳಿದರೆ ಬಹಳ ಡಾಕ್ಟರುಗಳಿಗೆ ಖುಷಿಯೇ ಆಗುತ್ತದೆ, ಅವರಿಗೂ ಆ ಕಥೆ ಕಟ್ಟಲು ಹೊತ್ತಿರುವುದಿಲ್ಲ.

ಎರಡನೇ ಪ್ರಶ್ನೆ ಸಿ ಡಿಫ್ ಔಷಧದ ಬಗ್ಗೆ. ಮುಂಚೆ ಎಲ್ಲರಿಗೂ ಮೆಟ್ರೊನಿಡಜೋಲ್ ಕೊಡುತ್ತಿದ್ದರು. ಅಗ್ಗ, ಎಲ್ಲ ಕಡೆ ಸಿಗುತ್ತದೆ. 2018ರಲ್ಲಿ ಬಂದ ಅಮೆರಿಕದ ಮಾರ್ಗಸೂಚಿ ಅದನ್ನು ಹಿಂದಕ್ಕೆ ಸರಿಸಿತು, ಬೇರೆ ಔಷಧ ಸಿಗದಿದ್ದಾಗ, ಅದೂ ತೀವ್ರ ಅಲ್ಲದ ಮೊದಲನೇ ಸಲಕ್ಕೆ ಮಾತ್ರ ಅಂತ. ಈಗ ಸಾಮಾನ್ಯವಾಗಿ ಕೊಡುವುದು ವ್ಯಾಂಕೊಮೈಸಿನ್, 125 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, ಹತ್ತು ದಿನ, ಬಾಯಿಂದ. ಬಾಯಿಂದ ಅನ್ನೋದು ಮುಖ್ಯ. ರಕ್ತನಾಳಕ್ಕೆ ಹಾಕಿದ ವ್ಯಾಂಕೊಮೈಸಿನ್ ಕರುಳಿನ ಒಳಗೆ ಬಂದು ತಲುಪುವುದಿಲ್ಲ. ಕ್ಯಾಪ್ಸೂಲ್ ಸಿಗದಿದ್ದಾಗ ಸೂಜಿಯ ಬಾಟಲಿ ಪುಡಿಯನ್ನೇ ನೀರಲ್ಲಿ ಕರಗಿಸಿ ಕುಡಿಸುತ್ತಾರೆ, ಸಿಸ್ಟರ್ ಸೂಜಿ ಔಷಧ ಕುಡಿಸಿದರು ಅಂತ ಗಾಬರಿಯಾಗಬೇಡಿ, ಅದು ಸರಿಯಾದ ಪದ್ಧತಿಯೇ.

ಫಿಡಾಕ್ಸೊಮೈಸಿನ್ ಅಂತ ಇನ್ನೊಂದು ಇದೆ. ಭೇದಿ ನಿಲ್ಲಿಸುವುದರಲ್ಲಿ ವ್ಯಾಂಕೊಮೈಸಿನ್‌ನಷ್ಟೇ, ಆದರೆ ಒಳ್ಳೆ ಬ್ಯಾಕ್ಟೀರಿಯಾಗಳಿಗೆ ಕಮ್ಮಿ ಹಾನಿ ಮಾಡುತ್ತದೆ. 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇದನ್ನು ತಗೊಂಡವರಲ್ಲಿ ನೂರಕ್ಕೆ ಸುಮಾರು 15 ಜನರಿಗೆ ತಿರುಗಿ ಬಂತು, ವ್ಯಾಂಕೊಮೈಸಿನ್ ತಗೊಂಡವರಲ್ಲಿ ಸುಮಾರು 25. 2021ರ ಮಾರ್ಗಸೂಚಿ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು. ಬೆಲೆ ಮಾತ್ರ ಬಹಳ ಜಾಸ್ತಿ. ನಿಮ್ಮ ಅಂದಾಜು ಕೆಲಸಕ್ಕೆ ಬರುವುದು ಇಲ್ಲೇ ನೋಡಿ: ಗೋಕಾಕದ ಶಿಕ್ಷಕರಿಗೆ ಅಷ್ಟು ಖರ್ಚು ಬೇಡ ಅನ್ನಬಹುದು, ಜಮಖಂಡಿ ಅಜ್ಜಿಗೆ "ಇದು ಸಿಗ್ತೈತಾ, ಎಷ್ಟಾಗ್ತೈತ್ರಿ?" ಅಂತ ಕೇಳುವುದು ನ್ಯಾಯ.

ಈಗಾಗಲೇ ಎರಡು ಮೂರು ಸಲ ಬಂದವರಿಗೆ ದಾರಿ ಬೇರೆ. ವ್ಯಾಂಕೊಮೈಸಿನನ್ನು ಒಮ್ಮೆಲೇ ನಿಲ್ಲಿಸದೆ ವಾರಗಟ್ಟಲೆ ಇಳಿಸುತ್ತಾ ಹೋಗುವ ಪದ್ಧತಿ ಇದೆ. ಅದಕ್ಕೂ ಬಗ್ಗದಿದ್ದರೆ ಆರೋಗ್ಯವಂತರ ಮಲದಿಂದ ತಯಾರಿಸಿದ ದ್ರಾವಣವನ್ನು ಕರುಳಿಗೆ ಸೇರಿಸುವ ಚಿಕಿತ್ಸೆ ಇದೆ. ಹೇಸಿಗೆ ಅನಿಸಿದರೂ ಕೇಳಿ: 2013ರಲ್ಲಿ ನೆದರ್ಲೆಂಡ್ಸಿನ ಪ್ರಯೋಗದಲ್ಲಿ 16 ಜನರಲ್ಲಿ 13 ಜನ ಒಂದೇ ಸಲಕ್ಕೆ ವಾಸಿಯಾದರು, ಬರೀ ವ್ಯಾಂಕೊಮೈಸಿನ್ ಪಡೆದ ಗುಂಪು ಇದರ ಹತ್ತಿರಕ್ಕೂ ಬರಲಿಲ್ಲ, ಪ್ರಯೋಗವನ್ನೇ ಬೇಗ ನಿಲ್ಲಿಸಿದರು. ಆದರೆ ಮಲ ಕೊಡುವವರಿಗೆ ಸಾಲು ಸಾಲು ಪರೀಕ್ಷೆ ಆಗಬೇಕು. ಇಂಟರ್ನೆಟ್ ನೋಡಿ ಮನೆಯಲ್ಲಿ ಮಾಡುವ ಸಾಹಸ ಬೇಡವೇ ಬೇಡ. ತಿರುಗಿ ಬರುವುದನ್ನು ತಡೆಯಲು ಕೊಡುತ್ತಿದ್ದ ಬೆಜ್ಲೊಟಾಕ್ಸುಮ್ಯಾಬ್ ಅನ್ನುವ ಸೂಜಿಯ ಬಗ್ಗೆ ಹಳೇ ಬರಹಗಳಲ್ಲಿ ಓದಿದ್ದರೆ ಅದನ್ನು ಮರೆತುಬಿಡಿ, 2025ರ ಜನವರಿಯಲ್ಲಿ ಕಂಪನಿ ಅದನ್ನು ನಿಲ್ಲಿಸಿತು.

ಹೆಜ್ಜೆ 5: ಎಂಟು ವಾರ ಕಣ್ಣಿಡಿ

ಚಿಕಿತ್ಸೆ ಮುಗಿದ ದಿನವನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಎಂಟು ವಾರ ಎಣಿಸಿ ಇನ್ನೊಂದು ಗುರುತು ಹಾಕಿ. ನಡುವಿನ ಪ್ರತಿ ದಿನದ ಚೌಕದಲ್ಲಿ ಎಷ್ಟು ಸಲ ಸಂಡಾಸಕ್ಕೆ ಹೋದರು ಅನ್ನುವ ಸಂಖ್ಯೆ ಬರೆದರೆ ಸಾಕು. ತೆಳ್ಳಗಿದ್ದರೆ ಸಂಖ್ಯೆಗೆ ಸುತ್ತು ಹಾಕಿ. ಮೊದಲ ಕೆಲವು ವಾರ ಹೆಚ್ಚು ಹುಷಾರಾಗಿರಿ.

24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ತೆಳ್ಳಗೆ ಆದರೆ ಡಾಕ್ಟರಿಗೆ ತಿಳಿಸಿ. ಜ್ವರ, ರಕ್ತ, ತಲೆ ಸುತ್ತು, ಮೂತ್ರ ಕಮ್ಮಿಯಾಗುವುದು ಇದ್ದರೆ ಅದೇ ದಿನ ಹೋಗಿ. ಇನ್ನೊಂದು ಲಕ್ಷಣ ಜನರನ್ನು ಮೋಸ ಮಾಡುತ್ತದೆ: ಜೋರು ಭೇದಿ ಇದ್ದದ್ದು ಒಮ್ಮೆಲೇ ನಿಂತು ಹೊಟ್ಟೆ ಉಬ್ಬಿ ಬಿಗಿಯಾದರೆ ಅದು ವಾಸಿಯಾದ ಗುರುತಲ್ಲ. ಕರುಳು ಕೆಲಸ ನಿಲ್ಲಿಸಿರಬಹುದು, ತುರ್ತಾಗಿ ದವಾಖಾನೆ ಸೇರಿಸಿ.

ಹಾಗಂತ ಒಂದು ಸಲ ಸಡಿಲ ಆದ ಕೂಡಲೇ ಹೆದರಬೇಕಿಲ್ಲ. ಸಿ ಡಿಫ್ ಆದ ಮೇಲೆ ಹಲವರಿಗೆ ಕರುಳು ತಿಂಗಳುಗಟ್ಟಲೆ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿರುತ್ತದೆ. ಮಿರ್ಚಿ ಭಜಿ ತಿಂದ ಮರುದಿನ ಎರಡು ಸಲ ಓಡಿದರೆ ಅದು ಭಜಿಯದೇ ಕೆಲಸ ಇರಬಹುದು. ಆರಾಮಾಗಿದ್ದಾಗ "ಒಮ್ಮೆ ನೋಡಿಬಿಡೋಣ" ಅಂತ ಪರೀಕ್ಷೆ ಮಾಡಿಸಬೇಡಿ. ವಾಸಿಯಾದವರಲ್ಲೂ ವಾರಗಟ್ಟಲೆ ಪಾಸಿಟಿವ್ ಬರುತ್ತಿರುತ್ತದೆ, ದುಡ್ಡೂ ದಂಡ, ಬೇಡದ ಆಂಟಿಬಯೋಟಿಕ್ ಬೇರೆ ಶುರುವಾಗುತ್ತದೆ. ಭೇದಿ ಬಂದಾಗ ಲೋಪರಮೈಡ್‌ನಂಥ ಕಟ್ಟುವ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ಓಆರ್‌ಎಸ್ ಕೊಡಬಹುದು, ಆದರೆ ಪೊಟ್ಟಣದ ಮೇಲೆ ಓದಿ: ದೊಡ್ಡದು 1 ಲೀಟರ್ ನೀರಿಗೆ, ಸಣ್ಣದು 200 ಮಿಲಿಗೆ.

ಮಜ್ಜಿಗೆ ಕುಡಿದರೆ ತಡೆಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಹೊಟ್ಟೆಗೆ ಹಿತ, ಕುಡಿಯಲಿ, ಅನ್ನ ಮಜ್ಜಿಗೆ ಊಟವೂ ಒಳ್ಳೇದೇ. ಆದರೆ ಮಜ್ಜಿಗೆಯಾಗಲಿ, ಅಂಗಡಿಯ ಪ್ರೊಬಯೋಟಿಕ್ (ಒಳ್ಳೆ ಬ್ಯಾಕ್ಟೀರಿಯಾ ಇರುವ) ಪುಡಿಯಾಗಲಿ ಸಿ ಡಿಫ್ ತಿರುಗಿ ಬರುವುದನ್ನು ತಡೆಯುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ರೋಗ ನಿರೋಧಕ ಶಕ್ತಿ ತೀರಾ ಕುಸಿದವರಿಗೆ ಪ್ರೊಬಯೋಟಿಕ್ ಅಪಾಯವನ್ನೂ ತರಬಹುದು.

ಹೆಜ್ಜೆ 6: ಸಂಡಾಸ, ಕೈ, ಬಟ್ಟೆ

ತಿರುಗಿ ಬರುವ ಎಲ್ಲ ಭೇದಿಯೂ ಹಳೇ ಬೀಜಕಣದಿಂದಲೇ ಅಲ್ಲ, ಒಂದು ಪಾಲು ಹೊಸದಾಗಿ ಒಳಗೆ ಹೋದದ್ದು. ಸ್ಯಾನಿಟೈಸರ್ ಈ ಬೀಜಕಣಗಳನ್ನು ಕೊಲ್ಲುವುದಿಲ್ಲ. ಸೋಪು, ನೀರು, ಉಜ್ಜುವುದು, ಇಷ್ಟೇ ದಾರಿ. ನಲ್ಲಿ ನೀರು ಬಾರದ ದಿನ ಒಂದೇ ಬಕೆಟಿನಲ್ಲಿ ಎಲ್ಲರೂ ಕೈ ಅದ್ದಬೇಡಿ, ಇನ್ನೊಬ್ಬರು ಚೊಂಬಿನಿಂದ ಸುರಿಯಲಿ.

ಫಿನೈಲ್ ವಾಸನೆಗೆ ಸ್ವಚ್ಛವಾಯಿತು ಅನಿಸುತ್ತದೆ, ಬೀಜಕಣಕ್ಕೆ ಅದು ಲೆಕ್ಕಕ್ಕಿಲ್ಲ. ಬ್ಲೀಚ್ ಬೇಕು. ಅಂಗಡಿಯಲ್ಲಿ ಸಿಗುವ ನೂರಕ್ಕೆ 5ರ ಹೈಪೊಕ್ಲೋರೈಟ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಮೊದಲು ಕೊಳೆ ತೊಳೆದು ಆಮೇಲೆ ಸುರಿದು ಹತ್ತು ನಿಮಿಷ ಬಿಡಿ. ದಿನವೂ ಹೊಸದಾಗಿ ಕಲಸಿ. ಸಂಡಾಸ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚ್ ಯಾವತ್ತೂ ಸೇರಿಸಬೇಡಿ, ಹೊರಬರುವ ಕ್ಲೋರಿನ್ ಗಾಳಿ ಉಸಿರು ಕಟ್ಟಿಸುತ್ತದೆ. ಕಿಟಕಿ ತೆರೆದಿರಲಿ. ಹೊಲಸಾದ ಹಾಸಿಗೆ ಬಟ್ಟೆಯನ್ನು ಬೇರೆಯಾಗಿ ಬಿಸಿ ನೀರಲ್ಲಿ ಒಗೆಯಿರಿ. ಎರಡು ಸಂಡಾಸ ಇದ್ದರೆ ಭೇದಿ ನಿಲ್ಲುವವರೆಗೆ ಒಂದನ್ನು ರೋಗಿಗೇ ಬಿಡಿ.

ಹೆಜ್ಜೆ 7: ಮುಂದಿನ ಆಂಟಿಬಯೋಟಿಕ್ ಬರುವ ಮೊದಲು

ಎಂಟು ವಾರ ದಾಟಿದರೂ ಹಾಳೆ ಬಿಸಾಡಬೇಡಿ. ಆರು ತಿಂಗಳಾದ ಮೇಲೆ ಹಲ್ಲು ಕೀಳಿಸಲು ಹೋದಾಗ, ಕಣ್ಣಿನ ಆಪರೇಷನ್ನಿಗೆ ಹೋದಾಗ, ಜ್ವರಕ್ಕೆ ಊರಿನ ಡಾಕ್ಟರ ಹತ್ತಿರ ಹೋದಾಗ ಅಲ್ಲಿಯವರಿಗೆ ಈ ಕಥೆ ಗೊತ್ತಿರುವುದಿಲ್ಲ. ಒಂದು ಸಣ್ಣ ಕಾರ್ಡ್ ಬರೆದು ಆಧಾರ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಇಡಿ. ಅದರಲ್ಲಿ ಇರಬೇಕಾದ್ದು: ಸಿ ಡಿಫ್ ಆದ ತಿಂಗಳು ಮತ್ತು ವರ್ಷ, ಎಷ್ಟು ಸಲ, ಯಾವ ಆಂಟಿಬಯೋಟಿಕ್ ನಂತರ ಬಂತು, ಯಾವ ಔಷಧಕ್ಕೆ ವಾಸಿಯಾಯಿತು. ಆಂಟಿಬಯೋಟಿಕ್ ನಿಜಕ್ಕೂ ಬೇಕಾದರೆ ತಗೊಳ್ಳಲೇಬೇಕು, ಸಿ ಡಿಫ್ ಹೆದರಿಕೆಗೆ ನ್ಯುಮೋನಿಯಾಕ್ಕೆ ಔಷಧ ಬಿಡುವುದು ಇನ್ನೂ ದೊಡ್ಡ ಅಪಾಯ. ಕಾರ್ಡ್ ನೋಡಿದ ಡಾಕ್ಟರ್ ಕಮ್ಮಿ ಅಪಾಯದ ಔಷಧ ಆರಿಸಬಹುದು, ದಿನ ಕಡಿಮೆ ಮಾಡಬಹುದು. ಹಲವು ಸಲ ಬಂದವರಿಗಾದರೆ ಆ ಆಂಟಿಬಯೋಟಿಕ್ ನಡೆಯುವಷ್ಟು ದಿನ ಜೊತೆಗೆ ಬಾಯಿಂದ ಸ್ವಲ್ಪ ವ್ಯಾಂಕೊಮೈಸಿನ್ ಕೊಡುವ ಡಾಕ್ಟರುಗಳೂ ಇದ್ದಾರೆ, ಅದರ ಬಗ್ಗೆ ಕೇಳಿ. ಹೊಸ ಆಂಟಿಬಯೋಟಿಕ್ ಶುರುವಾದ ದಿನವೇ ಕ್ಯಾಲೆಂಡರಿನಲ್ಲಿ ಮತ್ತೆ ಗುರುತು ಹಾಕಿ, ಅದು ಮುಗಿದ ಮೇಲೂ ಮೂರು ತಿಂಗಳು ಸಂಖ್ಯೆ ಬರೆಯುತ್ತಾ ಹೋಗಿ.